ಪೆಡಲ್ ಮೆತ್ತಗಾಯ್ತಾ, ಗಟ್ಟಿಯಿದ್ದೂ ಹಿಡೀಲಿಲ್ವಾ?

ಭಾನುವಾರ, 9 ನವೆಂಬರ್ 2025, ರಾತ್ರಿ

ಹಳದಿ ಕಾರಿನ ಹುಡುಗ ಸಂಜೆ ಫೋನ್ ಮಾಡಿದ್ದ. "ಅಣ್ಣಾ, ಆರು ಪಿಸ್ಟನ್ನಿನ ಕ್ಯಾಲಿಪರ್ ಕಿಟ್ ನೋಡಿಟ್ಟಿದ್ದೀನಿ. ಹಾಕಿಸಿಬಿಡ್ಲಾ?" ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ತಟ್ಟೆಯನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಭಾಗ; ಆಯಿಲಿನ ಒತ್ತಡಕ್ಕೆ ಆ ಪ್ಯಾಡನ್ನು ತಳ್ಳುವುದು ಅದರೊಳಗಿನ ಪಿಸ್ಟನ್. ಯಾಕಪ್ಪಾ ಅಂದರೆ ಟ್ರ್ಯಾಕಿನಲ್ಲಿ ಐದನೇ ಲ್ಯಾಪಿಗೆ ಬ್ರೇಕ್ ಹೋಯಿತಂತೆ.

"ಹೋಯ್ತು ಅಂದ್ರೆ ಹೇಗೆ ಹೋಯ್ತು? ಪೆಡಲ್ ಮೆತ್ತಗಾಗಿ ಕೆಳಗಿಳೀತಾ, ಇಲ್ಲಾ ಗಟ್ಟಿಯಾಗೇ ಇದ್ದು ಗಾಡಿ ಹಿಡೀಲಿಲ್ವಾ?"

"ಅದರಲ್ಲೇನಣ್ಣ ವ್ಯತ್ಯಾಸ, ಗಾಡಿ ನಿಲ್ಲಲಿಲ್ಲ ಅಷ್ಟೆ."

ವ್ಯತ್ಯಾಸ ಇರುವುದೇ ಅಲ್ಲಿ. ಪೆಡಲ್ ಸ್ಪಂಜಿನ ಹಾಗಾಗಿ ತಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಒತ್ತಡವೆಲ್ಲ ಆ ಗುಳ್ಳೆಗಳನ್ನು ಹಿಸುಕುವುದರಲ್ಲೇ ಮುಗಿದು ಪಿಸ್ಟನ್ನಿಗೆ ಏನೂ ತಲುಪುವುದಿಲ್ಲ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದು ಕಾರು ಮಾತ್ರ ಜಾರಿಕೊಂಡು ಹೋಗುತ್ತಿದ್ದರೆ ಆಯಿಲ್ ಸರಿಯಿದೆ, ಪ್ಯಾಡ್ ತನ್ನ ಉಷ್ಣದ ಮಿತಿ ದಾಟಿದೆ. ಮೂರನೆಯದೂ ಒಂದಿದೆ. ಮೊದಲ ಒತ್ತಿಗೆ ಪೆಡಲ್ ಉದ್ದ, ಅಂದರೆ ತುಂಬ ಕೆಳಗೆ ಹೋದ ಮೇಲೆ ಹಿಡಿಯುತ್ತದೆ, ಎರಡನೆಯದಕ್ಕೆ ಸರಿ. ಅದು ವೀಲ್ ಬೇರಿಂಗ್ ಸಡಿಲವಾಗಿ ಆಡುವುದರಿಂದಲೋ, ತಿರುವಿನ ಭಾರಕ್ಕೆ ಹಬ್ (ಚಕ್ರ ಕೂರುವ ನಡುಭಾಗ) ಬಾಗುವುದರಿಂದಲೋ ಡಿಸ್ಕ್ ಅಲುಗಿ ಪ್ಯಾಡನ್ನು ಹಿಂದಕ್ಕೆ ತಳ್ಳಿರುವುದು. ಮೂರಕ್ಕೂ ಮದ್ದು ಬೇರೆ ಬೇರೆ. ಆರು ಪಿಸ್ಟನ್ನು ಈ ಮೂರರಲ್ಲಿ ಯಾವುದಕ್ಕೂ ನೇರ ಉತ್ತರವಲ್ಲ.

ಕೆದಕಿ ಕೇಳಿದ ಮೇಲೆ ಬಂತು: ಮೆತ್ತಗಾಯಿತು, ಪಿಟ್ಟಿಗೆ ಬಂದು ತಣ್ಣಗಾದ ಮೇಲೆ ಅರ್ಧಂಬರ್ಧ ವಾಪಸ್ ಬಂತು. ಆಯಿಲ್ ಯಾವಾಗ ಬದಲಾಯಿಸಿದ್ದು? "ಕಾರು ತಗೊಂಡಾಗಿನದೇ ಇರ್ಬೇಕಣ್ಣ."

ಇರ್ಬೇಕಂತೆ!

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ಹೊಸ ಡಾಟ್ 4 (ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ) ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್ 3.7 ಶೇಕಡಾ ನೀರು ಕುಡಿದರೆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ರೇಸಿಗೆಂದು ಬರುವವು, ಉದಾಹರಣೆಗೆ ಮೋಟುಲ್ ಆರ್‌ಬಿಎಫ್ 600, ಹೊಸದಿದ್ದಾಗ 300 ದಾಟುತ್ತವೆ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್‌ನ ಹೆಚ್ಚುಗಾರಿಕೆ ತೇವ ಹೀರಿದ ಮೇಲೂ ಅದರ ಮಿತಿ ಉಳಿದವುಗಳಷ್ಟು ಕುಸಿಯದೆ ಇರುವುದರಲ್ಲಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆಗಿಂತ ಚಿಕ್ಕದಾಗಿ ಬರೆದ ತೇವದ ಸಂಖ್ಯೆಯನ್ನು ನೋಡಿ ಕೊಳ್ಳುವುದು ಒಳ್ಳೆಯದು, ರಸ್ತೆಯಲ್ಲೂ ಓಡುವ ಕಾರಿಗಂತೂ. ಡಾಟ್ 5 ಎಂದು ಬರಿದೇ ಬರೆದಿದ್ದರೆ ಅದು ಸಿಲಿಕೋನ್. 5.1ರ ಅಣ್ಣತಮ್ಮ ಅಲ್ಲ, ಬೆರೆಸಬಾರದು, ಎಬಿಎಸ್ (ಗಟ್ಟಿ ಬ್ರೇಕಿಗೆ ಚಕ್ರ ಕಚ್ಚಿಕೊಂಡು ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಬೇಡ.

ಒಮ್ಮೆ ಕುದಿದ ಆಯಿಲನ್ನು ನಂಬಬಾರದು. ಪೆಡಲ್ ವಾಪಸ್ ಬಂತೆಂದು ಅದರಲ್ಲೇ ಮನೆಗೆ ಓಡಿಸಿಕೊಂಡು ಬಂದಿದ್ದಾನೆ ಮಹಾರಾಯ.

ಬದಲಾಯಿಸುವ ಕೆಲಸವನ್ನು ಫೋನಿನಲ್ಲೇ ಹೇಳಿದೆ, ಇಲ್ಲೂ ಬರೆದಿಡುತ್ತೇನೆ. ಒಂದು ಲೀಟರ್ ಸಾಕು. ಮೊದಲು ಬಾನೆಟ್ಟಿನ ಕೆಳಗಿರುವ ಬ್ರೇಕ್ ಆಯಿಲಿನ ಡಬ್ಬದಲ್ಲಿರುವ ಹಳೆಯದನ್ನು ಸಿರಿಂಜಿನಿಂದ ಎಳೆದು ತೆಗೆದು ಹೊಸದು ತುಂಬಬೇಕು, ಇಲ್ಲದಿದ್ದರೆ ಆ ಕೊಳೆಯನ್ನೆಲ್ಲ ಪೈಪಿನುದ್ದಕ್ಕೂ ಸುಮ್ಮನೆ ತಳ್ಳಿದಂತಾಗುತ್ತದೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ದೂರದ ಚಕ್ರ ಮೊದಲು. ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಕೈಪಿಡಿ ನೋಡಬೇಕು. ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡಲೆಂದೇ ಇರುವ ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದನ್ನು ಮೊದಲು ಒಂದು ಗೇಣು ಮೇಲಕ್ಕೆ ಬಾಗಿಸಿ ಆಮೇಲೆ ಬಾಟಲಿಗೆ ಇಳಿಸಬೇಕು. ಗುಳ್ಳೆ ಮೇಲೇರುತ್ತದೆ, ವಾಪಸ್ ಕ್ಯಾಲಿಪರಿಗೆ ಹೋಗುವುದಿಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಸಡಿಲಿಸಿ ಮುಚ್ಚಬೇಕು. ಮುಚ್ಚಿದ ಮೇಲೆಯೇ ಪೆಡಲ್ ಬಿಡುವುದು. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಒಳ್ಳೆಯದು. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ದಿನವೂ ಮುಟ್ಟದ ತಳಭಾಗ ತುಕ್ಕು ಹಿಡಿದಿರುತ್ತದೆ. ಪೆಡಲನ್ನು ಪೂರ್ತಿ ತುಳಿದರೆ ಸೀಲು ಅದರ ಮೇಲೆ ಉಜ್ಜಿ ಹರಿಯುತ್ತದೆ. ನಡುನಡುವೆ ರಬ್ಬರ್ ಸುತ್ತಿಗೆಯಿಂದ ಕ್ಯಾಲಿಪರಿಗೆ ಮೆಲ್ಲಗೆ ತಟ್ಟಿದರೆ ಒಳಗಂಟಿದ ಗುಳ್ಳೆ ಬಿಡುತ್ತದೆ. ಕಂದು ಬಣ್ಣ ಹೋಗಿ ತಿಳಿಯಾದದ್ದು ಬರುವ ತನಕ ತೆಗೆಯುತ್ತಿರಬೇಕು. ಡಬ್ಬ ಬತ್ತಿದರೆ ಗಾಳಿ ನುಗ್ಗಿ ಎಲ್ಲ ಮೊದಲಿನಿಂದ. ಎಬಿಎಸ್ ಘಟಕದೊಳಗೆ ಗಾಳಿ ಸೇರಿದರಂತೂ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಅದರ ಪಂಪನ್ನು ಓಡಿಸದೆ ಹೋಗುವುದಿಲ್ಲ. ಚೆಲ್ಲಿದ ಆಯಿಲ್ ಪೇಂಟ್ ತಿನ್ನುತ್ತದೆ, ತಕ್ಷಣ ನೀರು ಹಾಕಬೇಕು.

"ಅಷ್ಟೇನಾ?" ಅಂದ. ದನಿಯಲ್ಲಿ ನಿರಾಸೆ. ಕೆಂಪು ಕ್ಯಾಲಿಪರ್ ಚಕ್ರದ ಸಂದಿಯಲ್ಲಿ ಕಾಣುವಂತೆ ಆಯಿಲ್ ಕಾಣುವುದಿಲ್ಲವಲ್ಲ.

ಅಷ್ಟೇ ಅಲ್ಲ, ಲೆಕ್ಕ ಇದೆ. ಅವನ ಕಾರು, ಅವನು ಸೇರಿ, 1400 ಕೆ.ಜಿ. ಅನ್ನೋಣ. ನೇರ ಹಾದಿಯ ಕೊನೆಯಲ್ಲಿ 200 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ಸುಮಾರು 18 ಲಕ್ಷ ಜೂಲ್ ಶಾಖವಾಗಬೇಕು. ಮುಂದಿನ ಚಕ್ರಗಳ ಬ್ರೇಕಿನ ಪಾಲು ನೂರಕ್ಕೆ 70 ಅಂದುಕೊಂಡರೆ ಮುಂದಿನ ಒಂದೊಂದು ಡಿಸ್ಕಿಗೂ 6.3 ಲಕ್ಷ. 9 ಕೆ.ಜಿ. ಎರಕದ ಕಬ್ಬಿಣದ ಡಿಸ್ಕ್ ಒಂದೇ ಬ್ರೇಕಿಗೆ ಹೆಚ್ಚು ಕಡಿಮೆ 145 ಡಿಗ್ರಿ ಏರುತ್ತದೆ. ಮುಂದಿನ ತಿರುವಿನೊಳಗೆ ಅದರಲ್ಲಿ ಎಷ್ಟು ಇಳಿಯಿತು ಎಂಬುದರ ಮೇಲೆ ಐದನೇ ಲ್ಯಾಪು ನಿಂತಿದೆ. 11 ಕೆ.ಜಿ. ಡಿಸ್ಕಾದರೆ ಅದೇ ಏರಿಕೆ 120ರ ಹತ್ತಿರ. ದೊಡ್ಡ ಕಿಟ್ಟಿನ ನಿಜವಾದ ಲಾಭ ಇದು: ಕಬ್ಬಿಣದ ತೂಕ, ಗಾಳಿಯಾಡುವ ಜಾಗ, ದಪ್ಪ ಪ್ಯಾಡು. ಪಿಸ್ಟನ್ನಿನ ಎಣಿಕೆಯಲ್ಲ.

ಎಣಿಕೆಯ ಮೋಸಕ್ಕೆ ಒಂದು ಉದಾಹರಣೆ. ಜಾರುವ ಕ್ಯಾಲಿಪರಿನ (ಒಂದೇ ಬದಿಗೆ ಪಿಸ್ಟನ್ ಇದ್ದು, ತಾನೇ ಜಾರಿ ಇನ್ನೊಂದು ಬದಿಯನ್ನೂ ಹಿಡಿಯುವಂಥದ್ದು) ಒಂಟಿ ಪಿಸ್ಟನ್ 57 ಮಿ.ಮೀ. ವ್ಯಾಸದ್ದಿದ್ದರೆ ಅದರ ವಿಸ್ತೀರ್ಣ 2552 ಚದರ ಮಿ.ಮೀ. ಆರು ಪಿಸ್ಟನ್ನಿನದರಲ್ಲಿ ಒಂದು ಬದಿಯ ಮೂರನ್ನು ಮಾತ್ರ ಲೆಕ್ಕ ಹಿಡಿಯಬೇಕು. ಅವು 28, 32, 38 ಇದ್ದರೆ ಒಟ್ಟು 2554. ಎರಡೂ ಒಂದೇ! ಪೆಡಲ್ ಹಾಗೇ ಇರುತ್ತದೆ, ಮುಂದು ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಹಂಚಿಕೆ ಕೆಡುವುದಿಲ್ಲ. ಅದೇ ಬೇರೊಂದು ಕಿಟ್ಟಿನಲ್ಲಿ 34, 36, 40 ಇದ್ದರೆ 3182, ಅಂದರೆ ಕಾಲುಭಾಗ ಹೆಚ್ಚು. ಹೆಚ್ಚಾದ ಆಯಿಲನ್ನು ಅದೇ ಮಾಸ್ಟರ್ ಸಿಲಿಂಡರ್ ತಳ್ಳಬೇಕು, ಪೆಡಲ್ ಉದ್ದವಾಗುತ್ತದೆ. ಜೊತೆಗೆ ಡಿಸ್ಕ್ 320ರಿಂದ 355 ಮಿ.ಮೀ. ಆದರೆ ಇನ್ನೂ ಶೇಕಡಾ ಹತ್ತಕ್ಕೂ ಮೀರಿ ಮುಂದಿನ ಹಿಡಿತವೇ ಏರುತ್ತದೆ. ಹಿಂದಿನ ಟೈರುಗಳು ಸುಮ್ಮನೆ ಕೂತಿರುತ್ತವೆ, ಮುಂದಿನವು ಬೇಗ ಎಬಿಎಸ್‌ಗೆ ಬೀಳುತ್ತವೆ, ನಿಲ್ಲುವ ದೂರ ಕಡಿಮೆಯಾಗುವ ಬದಲು ಹೆಚ್ಚಾದರೂ ಆಶ್ಚರ್ಯವಿಲ್ಲ. ಕಿಟ್ ಮಾರುವವರನ್ನು ಪಿಸ್ಟನ್ನಿನ ವ್ಯಾಸ ಕೇಳಿ. ಹೇಳಲು ಬಾರದವರ ಹತ್ತಿರ ಕೊಳ್ಳಬೇಡಿ.

ಈಗಿರುವ ಬ್ರೇಕಿನಲ್ಲೇ ಎಬಿಎಸ್ ಕೆಲಸ ಶುರುಮಾಡುವಷ್ಟು ಒತ್ತಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ಒಂದೇ ಸಲದ ಬ್ರೇಕಿನಲ್ಲಿ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಟೈರಿನ ಕೈಯಲ್ಲಿದೆ. ಬ್ರೇಕಿಗೆ ಸುರಿಯುವ ದುಡ್ಡಲ್ಲಿ ಟೈರು ಕೊಂಡರೆ ರಸ್ತೆಯಲ್ಲಿ ಜೀವ ಉಳಿಯುತ್ತದೆ.

ಪ್ಯಾಡಿನ ವಿಷಯಕ್ಕೆ ಬಂದರೆ "ರಸ್ತೆಗೂ ಟ್ರ್ಯಾಕಿಗೂ ಒಂದೇ ಸಾಕಲ್ವಾ" ಎಂದು ಎಲ್ಲರೂ ಕೇಳುತ್ತಾರೆ. ಸಾಕು, ಎರಡು ಕಡೆಯೂ ಅರೆಮನಸ್ಸಿನಿಂದ ಒಪ್ಪಿಕೊಳ್ಳುವುದಾದರೆ. ರಸ್ತೆಯ ಸಾಮಾನ್ಯ ಪ್ಯಾಡು 350-400 ಡಿಗ್ರಿಯ ಸುಮಾರಿಗೆ ಕೈಬಿಡುತ್ತದೆ. ಅಪ್ಪಟ ರೇಸ್ ಪ್ಯಾಡು ಅದರ ಮೇಲೂ ಆರಾಮಾಗಿ ಹಿಡಿಯುತ್ತದೆ, ಆದರೆ ಬೆಳಿಗ್ಗೆ ಗೇಟು ದಾಟಿದ ಕೂಡಲೇ ಅಡ್ಡ ಬಂದ ನಾಯಿಗೆ ಬ್ರೇಕ್ ಒತ್ತಿದರೆ ತಣ್ಣಗಿನ ಪ್ಯಾಡು ಏನೂ ಹೇಳದೆ ಜಾರಿಸುತ್ತದೆ. ಕಿರುಚಾಟ ಬೇರೆ. ಅದರ ಪುಡಿ ಒದ್ದೆಯಾದರೆ ರಿಮ್ಮಿಗೆ ತುಕ್ಕಾಗಿ ಕಚ್ಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಎರಡು ಜೊತೆ ಪ್ಯಾಡು, ಸಾಧ್ಯವಾದರೆ ಎರಡು ಜೊತೆ ಡಿಸ್ಕು. ಒಂದು ಪ್ಯಾಡು ಬಿಟ್ಟ ಪದರದ ಮೇಲೆ ಬೇರೆ ಜಾತಿಯ ಪ್ಯಾಡು ಕೂತರೆ ಹಿಡಿತ ಅಲ್ಲೊಂದು ಇಲ್ಲೊಂದು ತರಹ, ಸ್ಟೀರಿಂಗ್ ನಡುಗುತ್ತದೆ. ಜನ ಡಿಸ್ಕ್ ಸೊಟ್ಟಗಾಯಿತು ಎಂದು ಲೇತಿಗೆ ಹಾಕಿಸುತ್ತಾರೆ. ಬಹುತೇಕ ಸಲ ಅದು ಸೊಟ್ಟ ಅಲ್ಲ, ಪ್ಯಾಡಿನ ಸಾಮಗ್ರಿ ಏರುಪೇರಾಗಿ ಮೆತ್ತಿಕೊಂಡಿರುವುದು.

ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿ ಕೂರಿಸುವುದನ್ನು ಯಾರೂ ಸರಿಯಾಗಿ ಮಾಡುವುದಿಲ್ಲ. ಖಾಲಿ ಜಾಗದಲ್ಲಿ, ಟ್ರ್ಯಾಕಿನಲ್ಲೇ ಆದರೆ ಇನ್ನೂ ಒಳ್ಳೆಯದು, 100 ಕಿ.ಮೀ. ವೇಗದಿಂದ 20ಕ್ಕೆ ಎಂಟು ಹತ್ತು ಸಲ ಎಬಿಎಸ್ ಬರದಷ್ಟು ಗಟ್ಟಿಯಾಗಿ ಬ್ರೇಕ್ ಹಾಕಬೇಕು. ಪೂರ್ತಿ ನಿಲ್ಲಿಸಬಾರದು. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಬೇಕು. ಪ್ಯಾಡ್ ತಯಾರಕರು ಬೇರೆ ಕ್ರಮ ಕೊಟ್ಟಿದ್ದರೆ ಅದೇ ಸರಿ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಅಲ್ಲೇ ಅಚ್ಚು ಬೀಳುತ್ತದೆ. ಪಿಟ್ಟಿಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬಾರದು ಅನ್ನುವುದೂ ಇದಕ್ಕೇ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟರಾಯಿತು.

ಎಷ್ಟು ಬಿಸಿಯಾಗುತ್ತಿದೆ ಎಂದು ಊಹಿಸುವುದೂ ಬೇಡ. ಡಿಸ್ಕಿನ ಹೊರ ಅಂಚಿಗೆ ಬಳಿಯುವ ಉಷ್ಣದ ಪೇಂಟ್ ಸಿಗುತ್ತದೆ. ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬದಲಿಸುತ್ತವೆ. ಹಸಿರೊಂದೇ ಸುಟ್ಟಿದ್ದರೆ 430 ಮತ್ತು 560ರ ನಡುವೆ ಕೆಲಸ ನಡೆದಿದೆ, ಅದಕ್ಕೆ ತಕ್ಕ ಪ್ಯಾಡು ಆರಿಸಬಹುದು. ಮೂರೂ ಸುಟ್ಟಿದ್ದರೆ ಗಾಳಿ ಬೇಕು: ಬಂಪರಿನಿಂದ 75 ಮಿ.ಮೀ. ಕೊಳವೆ, ಅದರ ಬಾಯಿ ಡಿಸ್ಕಿನ ನಡುವಿಗೆ. ಡಿಸ್ಕಿನೊಳಗಿನ ರೆಕ್ಕೆಗಳು ಗಾಳಿಯನ್ನು ನಡುವಿನಿಂದಲೇ ಎಳೆದುಕೊಂಡು ಅಂಚಿಗೆ ಬಿಸಾಡುವುದು. ಬರೀ ಒಂದು ಮುಖಕ್ಕೆ ಊದಿದರೆ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಿಸಿ, ಬಿರುಕು. ಡಿಸ್ಕಿನ ಹಿಂದೆ ಕಾವಿಗೂ ಅಡ್ಡವಾಗಿರುವ ಧೂಳಿನ ತಗಡು ಕಿತ್ತೆಸೆದವರು ಪಕ್ಕದ ಬಾಲ್ ಜಾಯಿಂಟಿನ ರಬ್ಬರ್ ಬೂಟನ್ನು ಆಗಾಗ ನೋಡುತ್ತಿರಬೇಕು.

ತೂತಿನ ಡಿಸ್ಕು ಚೆಂದ, ಟ್ರ್ಯಾಕಿಗೆ ಬೇಡ. ಬಿರುಕು ತೂತಿನ ಅಂಚಿನಿಂದಲೇ ಶುರುವಾಗುವುದು. ಸಾದಾ ಅಥವಾ ಗೀರಿನದು ಸಾಕು. ಕೂದಲೆಳೆಯ ಗೆರೆಗಳು ಇದ್ದದ್ದೇ. ಉಗುರು ಸಿಕ್ಕಿಕೊಂಡರೆ, ಇಲ್ಲಾ ಗೆರೆ ಹೊರ ಅಂಚು ಮುಟ್ಟಿದ್ದರೆ ಬಿಸಾಡಿ. ಪ್ಯಾಡನ್ನೂ ಟ್ರ್ಯಾಕಿಗೆ ಅರ್ಧಕ್ಕಿಂತ ಸವೆಯಲು ಬಿಡಬಾರದು, ಸವೆದಷ್ಟೂ ಶಾಖ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಸಲೀಸಾಗಿ ದಾಟುತ್ತದೆ. ಸ್ಟೀಲ್ ಹೆಣಿಗೆಯ ಹೋಸು ಹಾಕಿಸಿದರೆ ಪೆಡಲ್ ಬಿಗಿಯಾಗುತ್ತದೆ, ಕುದಿಯುವ ಆಯಿಲನ್ನು ಅದು ತಡೆಯುವುದಿಲ್ಲ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸು ಎಲ್ಲಿಯೂ ಉಜ್ಜುತ್ತಿಲ್ಲ ಎಂದು ನೋಡಬೇಕು.

ಫೋನ್ ಇಡುವ ಮುಂಚೆ ಹುಡುಗ ಇನ್ನೊಂದು ಹೇಳಿದ. ಹಿಂದಿನ ಪ್ಯಾಡು ಮುಂದಿನದಕ್ಕಿಂತ ಬೇಗ ಸವೆದಿದೆಯಂತೆ. ಹಾಗಾಗಬಾರದಲ್ಲ. ಜಾರುವ ಪಿನ್ ಬಿಗಿಯಾಗಿದ್ದರೆ ಒಂದೇ ಕ್ಯಾಲಿಪರಿನ ಒಳ ಪ್ಯಾಡು ಹೊರ ಪ್ಯಾಡು ಬೇರೆ ಬೇರೆ ಸವೆದಿರಬೇಕು, ಇವನದು ನಾಲ್ಕೂ ಸಮ ಅಂತಾನೆ. ಹಾಗಿದ್ದರೆ ಸ್ಟೆಬಿಲಿಟಿ ಕಂಟ್ರೋಲ್ ಆನ್ ಇಟ್ಟುಕೊಂಡೇ ಓಡಿಸಿರಬೇಕು. ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರ ಹಿಡಿತ ತಪ್ಪಿ ಗಿರ್ರನೆ ತಿರುಗಿದರೆ ಕಂಪ್ಯೂಟರ್ ಹಿಂದಿನ ಬ್ರೇಕನ್ನು ತಾನೇ ಹಿಡಿಯುತ್ತದೆ, ಇವನ ಕಾಲು ಆ್ಯಕ್ಸಿಲರೇಟರ್ ಮೇಲಿದ್ದಾಗಲೇ. ಅಂದರೆ ಕುದಿದದ್ದು ಮುಂದಿನ ಆಯಿಲೋ ಹಿಂದಿನದೋ? ಉಷ್ಣದ ಪೇಂಟನ್ನು ಹಿಂದಿನ ಡಿಸ್ಕಿಗೂ ಬಳಿ ಅಂತ ಹೇಳಬೇಕಿತ್ತು, ಆಫ್ ಮಾಡು ಅಂತಂತೂ ಇವನ ಕೈಗೆ ಈಗಲೇ ಹೇಳುವ ಹಾಗಿಲ್ಲ, ಹಿಂದಕ್ಕೆ ಬೇರೆ ಪ್ಯಾಡು ಕೊಡೋಣವೆಂದರೆ ಹಂಚಿಕೆ ಮತ್ತೆ ಕೆಡುತ್ತದೆ.