ನಿಶ್ಚಿತಾರ್ಥದ ಉಂಗುರ ಗಿಣ್ಣಿನಲ್ಲಿ ನಿಲ್ಲದಿರಲು

ಈಗ ಎಷ್ಟೋ ಮನೆಗಳಲ್ಲಿ ನಿಶ್ಚಿತಾರ್ಥವನ್ನೂ ಮದುವೆಯ ಹಿಂದಿನ ಸಂಜೆ ಛತ್ರದಲ್ಲೇ ಮುಗಿಸುತ್ತಾರೆ. ಲಗ್ನಪತ್ರಿಕೆ ಓದಿ, ತಾಂಬೂಲ ಬದಲಾಯಿಸಿಕೊಳ್ಳುವವರೆಗೆ ಎಲ್ಲ ಸಲೀಸು. ಉಂಗುರದ ಹೊತ್ತಿಗೆ ತೊಡಕು. ಅದು ಗಿಣ್ಣಿನ ಹತ್ತಿರ ನಿಂತುಬಿಡುತ್ತದೆ, ಹುಡುಗ ಒತ್ತುತ್ತಾನೆ, ಹುಡುಗಿ ನೋವು ನುಂಗಿಕೊಂಡು ಕ್ಯಾಮೆರಾ ಕಡೆ ನಗುತ್ತಾಳೆ.

ಹೆಚ್ಚಿನ ಸಲ ತಪ್ಪು ಆಗಿರುವುದು ಅಳತೆಯಲ್ಲಿ. ಬೆಳಗ್ಗೆ ಎಸಿ ಅಂಗಡಿಯಲ್ಲಿ ಬೆರಳು ಸಣ್ಣಗಿರುತ್ತದೆ. ಛತ್ರದಲ್ಲಿ ದೀಪಗಳ ಬಿಸಿಗೆ ಕೈ ಇಳಿಬಿಟ್ಟು ಗಂಟೆಗಟ್ಟಲೆ ನಿಂತರೆ ಅದೇ ಬೆರಳು ಊದಿಕೊಳ್ಳುತ್ತದೆ. ಹಾಗಾಗಿ ಸಂಜೆ ಹೊತ್ತು ಅಳತೆ ಕೊಡಿ. ನಮ್ಮ ಅಂಗಡಿಗಳ ನಂಬರ್ ಲೆಕ್ಕ ಸುಲಭ: ಒಳಸುತ್ತಳತೆ ಮಿಲಿಮೀಟರಿನಲ್ಲಿ ಎಷ್ಟೋ ಅದರಲ್ಲಿ 40 ಕಳೆಯಿರಿ. 54 ಮಿ.ಮೀ. ಇದ್ದರೆ ಸುಮಾರು 14ನೇ ನಂಬರ್. ಅಗಲದ ಪಟ್ಟಿಯ ಉಂಗುರ ಬೆರಳನ್ನು ಹೆಚ್ಚು ಹಿಡಿಯುವುದರಿಂದ ಒಂದು ನಂಬರ್ ದೊಡ್ಡದೇ ಇರಲಿ. ಹುಡುಗಿಗೆ ಗೊತ್ತಾಗದಂತೆ ಮಾಡಿಸುವುದಾದರೆ ಅವಳ ಹಳೆಯ ಉಂಗುರ ಒಯ್ಯಿರಿ, ಆದರೆ ಅದೇ ಕೈಯ ಅದೇ ಬೆರಳಿನದಾಗಿರಬೇಕು. ಎಡಗೈ ಬಲಗೈ ಬೆರಳುಗಳು ಒಂದೇ ದಪ್ಪ ಇರುವುದು ಕಡಿಮೆ. ಸುತ್ತಲೂ ಕಲ್ಲು ಕೂರಿಸಿದ ಉಂಗುರವನ್ನು ಆಮೇಲೆ ಹಿಗ್ಗಿಸುವುದು ಕಷ್ಟ ಅನ್ನುವುದೂ ನೆನಪಿರಲಿ.

ಯಾವ ಕೈ ಅನ್ನುವುದನ್ನು ಎರಡೂ ಮನೆಯವರು ಮೊದಲೇ ಮಾತಾಡಿಕೊಳ್ಳಬೇಕು. ಪೂಜೆಗೆ ಕೂತ ಹುಡುಗನ ಬಲಗೈ ಉಂಗುರದ ಬೆರಳಿನಲ್ಲಿ ಪವಿತ್ರ, ಅಂದರೆ ದರ್ಭೆ ಹುಲ್ಲಿನ ಉಂಗುರ, ಇರುತ್ತದೆ. ಅದನ್ನು ಯಾವಾಗ ತೆಗೆಯುವುದು ಎಂದು ಪುರೋಹಿತರನ್ನು ಕೇಳಿಟ್ಟುಕೊಂಡರೆ ವೇದಿಕೆ ಮೇಲೆ ಗಡಿಬಿಡಿ ಇಲ್ಲ.

ಅಕ್ಷತೆ ತುಂಬಿದ ತಟ್ಟೆಯಲ್ಲಿ ಉಂಗುರ ಇಡಬೇಡಿ. ತಟ್ಟೆ ಒಂಚೂರು ಓರೆಯಾದರೆ ಸಾಕು, ಸಣ್ಣ ಉಂಗುರ ಅಕ್ಕಿಯೊಳಗೆ ಇಳಿದು, ಕಲ್ಲಿನ ಸಂದಿಗೆ ಅರಿಶಿನದ ಕಾಳು ಸಿಕ್ಕಿಕೊಳ್ಳುತ್ತದೆ. ಬೆಳ್ಳಿ ಬಟ್ಟಲಿನಲ್ಲಿ ವೀಳ್ಯದೆಲೆ ಹಾಸಿ ಅದರ ಮೇಲಿಡಿ. ದಿಂಬಿಗೆ ಕಟ್ಟುವುದಾದರೆ ಎಳೆದರೆ ಬಿಚ್ಚುವ ಜೀರುಗಂಟು ಹಾಕಿ. ಉಂಗುರಗಳ ಜವಾಬ್ದಾರಿ ಒಬ್ಬರದೇ ಇರಲಿ, ಅತ್ತಿಗೆಯೋ ಅಕ್ಕನೋ. ಇಬ್ಬರಿಗೆ ಹೇಳಿದರೆ ಇಬ್ಬರೂ ಇನ್ನೊಬ್ಬರ ಹತ್ತಿರ ಇದೆ ಅಂದುಕೊಳ್ಳುತ್ತಾರೆ.

ವೇದಿಕೆಗೆ ಹೋಗುವ ಅರ್ಧ ಗಂಟೆ ಮೊದಲು ಕೋಣೆಯಲ್ಲೇ ಒಮ್ಮೆ ಹಾಕಿ ನೋಡಿ. ಬಿಗಿ ಅನಿಸಿದರೆ ಕೈಯನ್ನು ತಣ್ಣೀರಿನಲ್ಲಿಟ್ಟು, ಆಮೇಲೆ ಐದು ನಿಮಿಷ ತಲೆಯ ಮಟ್ಟಕ್ಕೆ ಎತ್ತಿ ಹಿಡಿದರೆ ಊತ ಸ್ವಲ್ಪ ಇಳಿಯುತ್ತದೆ. ಎಣ್ಣೆ ಹಚ್ಚಬೇಡಿ, ರೇಷ್ಮೆಗೆ ತಾಗಿದರೆ ಕಲೆ.

ತೊಡಿಸುವಾಗ ಒಂದು ಕೈಯಲ್ಲಿ ಬೆರಳ ತುದಿ ಹಿಡಿದು ನೇರ ಮಾಡಿ, ಇನ್ನೊಂದು ಕೈಯಿಂದ ಉಂಗುರವನ್ನು ಗಿಣ್ಣಿನವರೆಗೆ ತನ್ನಿ. ಅಲ್ಲಿ ಒತ್ತಬಾರದು, ಆಚೀಚೆ ತಿರುವುತ್ತಾ ದಾಟಿಸಬೇಕು. ತೊಡಿಸಿಕೊಳ್ಳುವವರು ಬೆರಳು ಬಿಗಿ ಹಿಡಿಯದೆ ಸಡಿಲ ಬಿಟ್ಟರೆ ಗಿಣ್ಣಿನ ಮೇಲಿನ ಚರ್ಮ ಜರುಗಿ ದಾರಿ ಬಿಡುತ್ತದೆ. ಆದರೂ ನಿಂತರೆ ಹಾಗೇ ಬಿಟ್ಟು ಫೋಟೋ ತೆಗೆಸಿಕೊಳ್ಳಿ, ಕೆಳಗಿಳಿದ ಮೇಲೆ ಸೋಪಿನ ನೀರು ಹಚ್ಚಿ ತೆಗೆಯಿರಿ. ಬಲವಂತವಾಗಿ ಹಾಕಿದ ಉಂಗುರ ತೆಗೆಯಲು ಅಕ್ಕಸಾಲಿಯ ಕತ್ತರಿಯೇ ಬೇಕಾದೀತು.

ಮದುವೆ ಮುಗಿದ ಮೇಲೆ ಓಕುಳಿ ನೀರಿನ ಬಿಂದಿಗೆಯಲ್ಲಿ ಉಂಗುರ ಹುಡುಕುವ ಆಟಕ್ಕೆ ಈ ಉಂಗುರ ಹಾಕಬೇಡಿ. ಉಂಗುರದಲ್ಲಿ ಮುತ್ತಿದ್ದರೆ ಅರಿಶಿನ ಸುಣ್ಣದ ನೀರು ಅದರ ಹೊಳಪು ಕೆಡಿಸುತ್ತದೆ. ಆಟಕ್ಕೆ ಕಲ್ಲಿಲ್ಲದ ಸಾದಾ ಉಂಗುರ ಸಾಕು.