ನಾಲ್ಕು ದಿನ ‘ನೋ ಬ್ಲಾಕರ್ಸ್’

ನಮ್ಮ ಸಾಫ್ಟ್‌ವೇರ್ ಟೀಮಲ್ಲಿ ಟೆಸ್ಟಿಂಗ್ ಮಾಡೋ ಹುಡುಗಿ ಒಬ್ಬಳಿದ್ದಾಳೆ, ಹಾಸನದ ಕಡೆಯವಳು, ಆಗ ಸೇರಿ ಇನ್ನೂ ಮೂರು ತಿಂಗಳಾಗಿತ್ತು. ಮೀಟಿಂಗಲ್ಲಿ ಎಲ್ಲರ ಹಾಗೆ ನನ್ನನ್ನ ಹೆಸರು ಹಿಡಿದೇ ಕರೀತಾಳೆ, ಕ್ಯಾಂಟೀನಿಗೆ ಬಂದ್ರೆ ಅಕ್ಕಾ ಅಂತಾಳೆ. ಆ ವಾರ ಸೋಮವಾರದ ಸ್ಟ್ಯಾಂಡಪ್ಪಲ್ಲಿ, ಅಂದ್ರೆ ಟೀಮಿನೋರೆಲ್ಲ ದಿನಾ ಸೇರಿ ಕೆಲಸ ಎಲ್ಲಿಗೆ ಬಂತು ಅಂತ ಹೇಳೋ ಮೀಟಿಂಗಲ್ಲಿ, ಅವಳು ಹೇಳಿದ್ದು, ರಿಫಂಡ್ ಟೆಸ್ಟಿಂಗ್ ನಡೀತಿದೆ, ನೋ ಬ್ಲಾಕರ್ಸ್, ಅಂದ್ರೆ ಕೆಲಸಕ್ಕೆ ಅಡ್ಡಿ ಏನೂ ಇಲ್ಲ. ಮಂಗಳವಾರನೂ ಅದೇ, ಬುಧವಾರನೂ ಅದೇ, ಗುರುವಾರನೂ ಅದೇ. ಶುಕ್ರವಾರ ಬೆಳಗ್ಗೆ ಟೀ ಕುಡಿಯುವಾಗ ಸುಮ್ನೆ ಕೇಳ್ದೆ, ರಿಫಂಡ್ ಎಷ್ಟು ಕೇಸ್ ಆಯ್ತಮ್ಮ ಅಂತ. ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದ್ಲು, "ಅಕ್ಕಾ, ನಂಗೆ ಟೆಸ್ಟ್ ಸರ್ವರಿಗೆ ಆಕ್ಸೆಸ್ಸೇ ಬಂದಿಲ್ಲ."

ಮತ್ತೆ ಯಾಕೆ ಹೇಳ್ಲಿಲ್ಲ ಅಂದ್ರೆ, "ಆಕ್ಸೆಸ್ ಕೊಡಿ ಅಂತ ಟಿಕೆಟ್ ರೈಸ್ ಮಾಡಿದೀನಲ್ಲ, ಅದನ್ನ ಬ್ಲಾಕರ್ ಅನ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. ಜೊತೆಗೆ ಕಾಲ್‌ನಲ್ಲಿ ಕ್ಲೈಂಟೂ ಇರ್ತಾರೆ, ಮ್ಯಾನೇಜರೂ ಇರ್ತಾರೆ. ಇವಳಿಗೆ ಕೆಲಸ ಬರಲ್ಲ ಅನ್ಕೊಂಡ್ಬಿಟ್ರೆ?"

ಆ ಸರ್ವರಿಗೆ ಆಕ್ಸೆಸ್ ಕೊಡೋ ಹುಡುಗ ಅವಳಿಂದ ಎರಡು ಡೆಸ್ಕ್ ಆಚೆ ಕೂರ್ತಾನೆ. ಹತ್ತು ನಿಮಿಷದ ಕೆಲಸ. ನಾಲ್ಕು ದಿನ ಅವನೂ ಅದೇ ಸ್ಟ್ಯಾಂಡಪ್ಪಲ್ಲಿ ಇದ್ದ, ಅವಳ ಮಾತು ಕೇಳಿಸ್ಕೊಂಡಿದ್ದ, ಅವನಿಗೂ ಗೊತ್ತಾಗೋಕೆ ದಾರಿ ಇರ್ಲಿಲ್ಲ. ಇಬ್ಬರದೂ ತಪ್ಪಿಲ್ಲ. ನಾವು ದಿನಾ ನಡೆಸ್ತಿದ್ದ ಆ ಮೀಟಿಂಗೇ ಹಂಗಿತ್ತು, ಅಲ್ಲಿ ಕಷ್ಟ ಹೇಳ್ಕೊಳ್ಳೋಕೆ ಜಾಗಾನೇ ಇರ್ಲಿಲ್ಲ.

ಅವತ್ತಿಂದ ಇದು ನನ್ನ ತಲೇಲಿ ಕೊರೀತಾನೇ ಇತ್ತು. ಒಂದು ನೋಟ್‌ಬುಕ್ ತಗೊಂಡು ಎರಡು ವಾರ ಒಂದೇ ಒಂದು ವಿಷಯ ಬರ್ಕೊಂಡೆ: ಇವತ್ತಿನ ಸ್ಟ್ಯಾಂಡಪ್ ಆದ್ಮೇಲೆ ಯಾರಾದ್ರೂ ತಾವು ಮಾಡ್ಬೇಕು ಅಂದ್ಕೊಂಡಿದ್ದ ಕೆಲಸ ಬದಲಾಯಿಸಿದ್ರಾ? ಯಾರಾದ್ರೂ ಎದ್ದು ಇನ್ನೊಬ್ಬರ ಡೆಸ್ಕಿಗೆ ಹೋದ್ರಾ? ಹತ್ತು ದಿನದಲ್ಲಿ ಒಂದೇ ಸಲ. ಮಿಕ್ಕ ಒಂಬತ್ತು ದಿನ ಮೀಟಿಂಗ್ ನಡೀದೇ ಇದ್ದಿದ್ರೂ ಎಲ್ಲರೂ ಅದದೇ ಕೆಲಸಾನೇ ಮಾಡ್ತಿದ್ರು. ಒಂಬತ್ತು ಜನ, 40 ನಿಮಿಷ ಎಳೀತಿತ್ತು, ಅಂದ್ರೆ ದಿನಕ್ಕೆ 6 ಗಂಟೆ, ಹತ್ತು ದಿನದ ಸ್ಪ್ರಿಂಟಿಗೆ (ಒಂದು ಸುತ್ತಿನ ಕೆಲಸಕ್ಕೆ ಇಟ್ಕೊಂಡಿರೋ ಅವಧಿ) 60 ಗಂಟೆ. 15 ನಿಮಿಷಕ್ಕೆ ಮುಗ್ಸಿದ್ರೆ ಅದು 22 ಚಿಲ್ಲರೆ ಗಂಟೆ ಆಗತ್ತೆ. ಆದ್ರೆ ನಂಗೆ ಆ ಗಂಟೆಗಳ ಲೆಕ್ಕಕ್ಕಿಂತ ಜಾಸ್ತಿ ನೋವಾಗಿದ್ದು ಅವಳ ನಾಲ್ಕು ದಿನ.

ಈ ಸ್ಟ್ಯಾಂಡಪ್ ಬಂದಿದ್ದು ಸ್ಕ್ರಮ್ ಅನ್ನೋ ಕೆಲಸದ ಪದ್ಧತಿಯಿಂದ. ಆ ಹೆಸರು ಬಂದಿದ್ದು ರಗ್ಬಿ ಆಟದಿಂದ, ಆಟಗಾರರು ಭುಜಕ್ಕೆ ಭುಜ ಕೊಟ್ಟು ಒಟ್ಟಿಗೆ ತಳ್ಳೋದು ಇದ್ಯಲ್ಲ, ಅದು. 1986ರಲ್ಲಿ ತಕೆಉಚಿ ಮತ್ತೆ ನೊನಾಕಾ ಅನ್ನೋ ಇಬ್ಬರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಲ್ಲಿ ಈ ಹೋಲಿಕೆ ಬಂತು, 1995ರಲ್ಲಿ ಕೆನ್ ಶ್ವೇಬರ್, ಜೆಫ್ ಸದರ್ಲೆಂಡ್ ಇದನ್ನ ಸಾಫ್ಟ್‌ವೇರಿಗೆ ಹೊಂದಿಸಿ ಒಂದು ಕಾನ್ಫರೆನ್ಸಲ್ಲಿ ಮಂಡಿಸಿದ್ರು. ದಿನಾ ಸೇರೋ ಐಡಿಯಾ ಬಂದಿದ್ದು ಬೋರ್ಲೆಂಡ್ ಕಂಪನೀಲಿ ಕ್ವಾಟ್ರೋ ಪ್ರೋ ಸ್ಪ್ರೆಡ್‌ಶೀಟ್ ಮಾಡಿದ ಟೀಮ್ ಬಗ್ಗೆ ಜಿಮ್ ಕೋಪ್ಲಿಯನ್ ಬರೆದ ಪೇಪರ್ ಓದಿ ಅಂತ ಸದರ್ಲೆಂಡೇ ಹೇಳ್ಕೊಂಡಿದ್ದಾರೆ. ಆ ಟೀಮಿನೋರು ಹೆಚ್ಚುಕಮ್ಮಿ ದಿನಾ ಕೂತು ಮಾತಾಡ್ತಿದ್ರು, ಆ ಮಾತಲ್ಲೇ ಡಿಸೈನ್ ಬೆಳೀತಿತ್ತು. ನಾವು ಅದನ್ನ ತಂದು ಹಾಜರಿ ಪುಸ್ತಕ ಮಾಡ್ಕೊಂಡಿದ್ವಿ. ಹೆಸರು ಕರೆದಾಗ ಎದ್ದು ನಿಂತು ಪ್ರೆಸೆಂಟ್ ಸರ್ ಅಂತಿದ್ವಲ್ಲ ಸ್ಕೂಲಲ್ಲಿ, ಥೇಟ್ ಹಂಗೆ.

ನಿನ್ನೆ ಏನು ಮಾಡ್ದೆ, ಇವತ್ತು ಏನು ಮಾಡ್ತೀಯ, ಏನಾದ್ರೂ ಅಡ್ಡಿ ಇದ್ಯಾ, ಈ ಮೂರು ಪ್ರಶ್ನೆ ನಮಗೆಲ್ಲ ಬಾಯಿಪಾಠ. ಆದ್ರೆ 2020ರ ಸ್ಕ್ರಮ್ ಗೈಡಲ್ಲಿ, ಅಂದ್ರೆ ಈ ಪದ್ಧತಿಯ ಕೈಪಿಡೀಲಿ, ಆ ಮೂರು ಪ್ರಶ್ನೆ ತೆಗ್ದೇ ಹಾಕಿದ್ದಾರೆ, 2017ರಲ್ಲೇ ಅದನ್ನ ಬರೀ ಒಂದು ಉದಾಹರಣೆ ಅಂತ ಮಾಡಿದ್ರು. ಈಗ ಉಳಿದಿರೋದು ಇಷ್ಟೇ: 15 ನಿಮಿಷ, ಸ್ಪ್ರಿಂಟ್ ಗೋಲ್ ಕಡೆ ನಾವು ಎಲ್ಲಿದೀವಿ ನೋಡ್ಕೊಳ್ಳೋದು, ಮುಂದಿನ ಒಂದು ದಿನಕ್ಕೆ ಪ್ಲಾನ್ ಮಾಡ್ಕೊಳ್ಳೋದು, ಮತ್ತೆ ಇದು ಡೆವಲಪರ್ಸಿಗೋಸ್ಕರ ಇರೋ ಮೀಟಿಂಗ್. ಸ್ಕ್ರಮ್ ಲೆಕ್ಕದಲ್ಲಿ ಡೆವಲಪರ್ಸ್ ಅಂದ್ರೆ ಟೆಸ್ಟಿಂಗ್ ಮಾಡೋರೂ ಸೇರ್ತಾರೆ. ಕೊನೇ ಸಾಲು ಓದಿದಾಗ ಆ ಹುಡುಗಿ ಮುಖ ಕಣ್ಮುಂದೆ ಬಂತು.

ನಮ್ಮಲ್ಲಿ ಮೊದಲನೇ ತೊಂದರೆ ಇದ್ದಿದ್ದು ಟೈಮಲ್ಲಿ. ಕ್ಲೈಂಟ್ ಅಮೆರಿಕದ ಈಸ್ಟ್ ಕೋಸ್ಟ್, ಅವರಿಗೆ ಬೆಳಗ್ಗೆ 9 ಅಂದ್ರೆ ನಮಗೆ ಸಂಜೆ 6:30, ನವೆಂಬರ್ ಮೊದಲನೇ ಭಾನುವಾರ ಅವರು ಗಡಿಯಾರ ಹಿಂದಕ್ಕೆ ಹಾಕಿದ್ಮೇಲೆ 7:30. ಸಂಜೆ ಆರೂವರೆಗೆ ಕೂತು ಇವತ್ತು ಏನು ಮಾಡ್ತೀಯ ಅಂತ ಕೇಳಿದ್ರೆ ಏನು ಹೇಳೋದು, ಇವತ್ತು ಮುಗ್ದೇ ಹೋಗಿದೆ. ಹಂಗಾಗಿ ತಂತಾನೇ ಅದು ವರದಿ ಒಪ್ಸೋ ಮೀಟಿಂಗ್ ಆಗೋಗಿತ್ತು. ಅರ್ಧ ಜನ ಕ್ಯಾಬಲ್ಲಿ, ಸಿಲ್ಕ್ ಬೋರ್ಡ್ ಹತ್ರ ನಿಂತಿರೋ ಟ್ರಾಫಿಕ್ಕಲ್ಲಿ, ಮ್ಯೂಟ್ ತೆಗೆದ್ರೆ ಹಾರ್ನ್ ಸದ್ದು, ತಮ್ಮ ಸರದಿ ಮುಗೀತಿದ್ದ ಹಾಗೆ ಮತ್ತೆ ಮ್ಯೂಟ್. ಅವರನ್ನ ಬೈಯೋಕಾಗಲ್ಲ, ಬೆಳಗ್ಗೆ ಒಂಬತ್ತಕ್ಕೆ ಬಂದೋರು ಅವರು.

ಇದನ್ನ ಎರಡು ಭಾಗ ಮಾಡೋಣ ಅಂತ ಕೇಳ್ಕೊಂಡೆ. ಬೆಳಗ್ಗೆ 10:15ಕ್ಕೆ ಬೆಂಗಳೂರಿನ ಟೀಮ್ ಮಾತ್ರ, ನಾವು ನಾವೇ. ಸಂಜೆ ಕ್ಲೈಂಟಿಗೆ ಐದಾರು ಸಾಲು ಬರೆದು ಕಳ್ಸೋದು, ಸೋಮವಾರ ಮತ್ತೆ ಬುಧವಾರ ಮಾತ್ರ ಕಾಲ್. ಕ್ಲೈಂಟ್ ಒಪ್ಪಲ್ಲ ಅಂತ ಎಲ್ಲರೂ ಅಂದಿದ್ರು, ಅವರು ಎರಡು ನಿಮಿಷದಲ್ಲಿ ಒಪ್ಕೊಂಡ್ರು. ಬರೆದು ಬಂದಿದ್ದನ್ನ ಓದೋದೇ ಅವರಿಗೆ ಸುಲಭವಂತೆ.

ಮ್ಯಾನೇಜರ್ ಜೊತೆ ಮಾತಾಡೋದು ಸ್ವಲ್ಪ ಕಷ್ಟ ಆಯ್ತು. ಒಳ್ಳೇ ಮನುಷ್ಯ, ಯಾರನ್ನೂ ಗದರ್ಸಲ್ಲ, ಆದ್ರೂ ಅವರಿದ್ದಾಗ ಎಲ್ಲರ ಕಣ್ಣು ಅವರ ಮೇಲೇನೇ, ಪಕ್ಕದಲ್ಲಿ ನಿಂತಿರೋನಿಗೆ ಬೇಕಾದ ವಿಷಯಾನೂ ಅವರ ಮುಖ ನೋಡ್ಕೊಂಡೇ ಹೇಳ್ತಿದ್ರು. ಒಂದು ತಿಂಗಳು ನೀವು ಬರ್ಬೇಡಿ ಅಂತ ನೇರವಾಗೇ ಕೇಳ್ದೆ. "ಹಂಗಾದ್ರೆ ಸ್ಟೇಟಸ್ ನಂಗೆ ಹೆಂಗೆ ಗೊತ್ತಾಗತ್ತೆ? ನಾಳೆ ಮೇಲಿನೋರು ನನ್ನನ್ನೇ ಕೇಳ್ತಾರಲ್ವಾ" ಅಂದ್ರು. ನ್ಯಾಯವಾದ ಪ್ರಶ್ನೆ, ಅದನ್ನ ತಳ್ಳಿ ಹಾಕೋಕಾಗಲ್ಲ. 10 ಗಂಟೆಯೊಳಗೆ ಎಲ್ಲರೂ ಜಿರಾದಲ್ಲಿ (ಯಾವ ಕೆಲಸ ಎಲ್ಲಿದೆ ಅಂತ ಬೋರ್ಡಿನ ಮೇಲೆ ಕಾರ್ಡುಗಳಾಗಿ ತೋರ್ಸೋ ಸಾಫ್ಟ್‌ವೇರ್) ತಮ್ಮ ಕಾರ್ಡ್ ಸರಿಯಾದ ಕಾಲಮ್ಮಿಗೆ ಹಾಕಿರ್ಬೇಕು, ಅವರು ಬೋರ್ಡ್ ನೋಡಿದ್ರೆ ಸಾಕು, ಅನುಮಾನ ಇದ್ರೆ ನನ್ನನ್ನ ಕೇಳ್ಲಿ, ಅಂತ ಮಾತಾಯ್ತು. ತಿಂಗಳಾದ್ಮೇಲೆ ಅವರೇ, ಬೇಡ ಬಿಡಿ ಹಿಂಗೇ ಇರ್ಲಿ ಅಂದ್ರು.

ಆಮೇಲೆ ಮಾತಾಡೋ ರೀತಿ. ಮುಂಚೆ ಆ ತುದಿಯಿಂದ ಈ ತುದಿಗೆ ಒಬ್ಬೊಬ್ಬರಾಗಿ ಹೇಳ್ತಿದ್ವಿ. ಈಗ ಬೋರ್ಡನ್ನ ಬಲಗಡೆಯಿಂದ ಓದ್ತೀವಿ, ಅಂದ್ರೆ ಮುಗಿಯೋಕೆ ಹತ್ರ ಇರೋ ಕಾರ್ಡ್ ಮೊದಲು. ಇದು ನಾನು ಕಂಡುಹಿಡಿದಿದ್ದೇನಲ್ಲ, ಕಾನ್‌ಬಾನ್ ಅಂತ ಬೋರ್ಡ್ ಇಟ್ಕೊಂಡು ಕೆಲಸ ಮಾಡೋ ಪದ್ಧತಿಯೋರು ಎಷ್ಟೋ ವರ್ಷದಿಂದ ಮಾಡ್ತಾರೆ. ಪ್ರತಿ ಕಾರ್ಡಿಗೂ ಒಂದೇ ಪ್ರಶ್ನೆ: ಇದು ಇಲ್ಲಿಂದ ಮುಂದಕ್ಕೆ ಹೋಗ್ಬೇಕು ಅಂದ್ರೆ ಏನು ಬೇಕು, ಯಾರಿಂದ ಬೇಕು? ಒಂದೇ ಕಾಲಮ್ಮಲ್ಲಿ ಮೂರು ದಿನ ಕೂತಿರೋ ಕಾರ್ಡಿಗೆ ಕೆಂಪು ಚುಕ್ಕೆ ಬೀಳತ್ತೆ. ಇದರಿಂದ ದೊಡ್ಡ ಉಪಕಾರ ಏನು ಅಂದ್ರೆ ‘ನಾನು ಸಿಕ್ಕಾಕ್ಕೊಂಡಿದೀನಿ’ ಅಂತ ಯಾರೂ ಬಾಯ್ಬಿಟ್ಟು ಹೇಳ್ಬೇಕಾಗಿಲ್ಲ, ಕಾರ್ಡ್ ಸಿಕ್ಕಾಕ್ಕೊಂಡಿದೆ ಅಷ್ಟೇ. ಮೂರು ತಿಂಗಳ ಹಿಂದೆ ಸೇರಿದ ಮಕ್ಕಳಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಅನ್ನೋದು ಹತ್ತು ವರ್ಷ ಕೆಲಸ ಮಾಡಿದೋರಿಗೆ ಬೇಗ ಹೊಳಿಯಲ್ಲ.

ಇನ್ನೊಂದು ರೂಲ್ ಮಾಡ್ಕೊಂಡ್ವಿ, ಟಿಕೆಟ್ (ಅಂದ್ರೆ ಆ ಕಾರ್ಡಿನ) ನಂಬರ್ ಒಂದನ್ನೇ ಹೇಳಂಗಿಲ್ಲ. ಇದಕ್ಕೂ ಒಂದು ಕಥೆ ಇದೆ. ಹಳೇ ಪದ್ಧತೀಲಿ ಒಬ್ಬ ಮೂರು ದಿನ ‘ವರ್ಕಿಂಗ್ ಆನ್ 2314’ ಅಂದ, ಇನ್ನೊಬ್ಬಳು ‘ವರ್ಕಿಂಗ್ ಆನ್ 2330’ ಅಂದ್ಳು. 2314 ಅಂದ್ರೆ ಇನ್‌ವಾಯ್ಸ್ ಟೇಬಲಲ್ಲಿ ಒಂದು ಕಾಲಮ್ಮಿನ ಹೆಸರು ಬದಲಾಯಿಸೋದು. 2330 ಅಂದ್ರೆ ಅದೇ ಕಾಲಮ್ ಇಟ್ಕೊಂಡು ತಿಂಗಳ ರಿಪೋರ್ಟ್ ಬರಿಯೋದು. ಗುರುವಾರ ಸಂಜೆ ಇಬ್ಬರ ಕೋಡೂ ಮರ್ಜ್ ಆಗಿ ಒಂದಕ್ಕೊಂದು ಸೇರ್ತು, ಸ್ಟೇಜಿಂಗ್ ಅನ್ನೋ ಪರೀಕ್ಷೆ ಸರ್ವರ್ ಬಿದ್ದೋಯ್ತು, ಇಬ್ಬರೂ ರಾತ್ರಿ ಹನ್ನೊಂದರ ತನಕ ಕೂತ್ರು. ‘ಇನ್‌ವಾಯ್ಸ್ ಟೇಬಲ್ ಕಾಲಮ್ ಹೆಸರು ಬದಲಾಯಿಸ್ತಿದೀನಿ’ ಅಂತ ಮಂಗಳವಾರ ಒಂದು ಮಾತು ಹೇಳಿದ್ರೆ ಆ ಹುಡುಗಿ ಅಲ್ಲೇ ‘ಏ ತಡಿ ತಡಿ’ ಅಂತಿದ್ಳು. ನನ್ನ ಪ್ರಕಾರ ಸ್ಟ್ಯಾಂಡಪ್ ಇರೋದೇ ಆ ‘ತಡಿ ತಡಿ’ಗೆ. ಸ್ಲ್ಯಾಕ್ ಚಾಟಲ್ಲಿ ಬರೆದು ಹಾಕಿದ್ರೆ ಸಾಲ್ದಾ ಅಂತ ಸುಮಾರು ಜನ ಕೇಳ್ತಾರೆ. ಸ್ಟೇಟಸ್ಸಿಗೆ ಸಾಕು, ಖಂಡಿತ ಸಾಕು. ಆದ್ರೆ ನಮ್ಮಲ್ಲಿ ಎರಡು ತಿಂಗಳು ಹಂಗೆ ಮಾಡಿ ನೋಡಿದ್ವಿ, ಎಲ್ಲರೂ ಬರೀತಿದ್ರು, ಇನ್ನೊಬ್ಬರದ್ದನ್ನ ಓದೋರು ಒಬ್ಬಿಬ್ಬರು.

ಉದ್ದ ಎಳಿಯೋ ಚರ್ಚೆ ಬಂದ್ರೆ ‘ಆಮೇಲೆ’ ಅಂತ ಬೋರ್ಡಿನ ಮೂಲೇಲಿ ಬರೀತೀವಿ, 15 ನಿಮಿಷ ಮುಗಿದ್ಮೇಲೆ ಸಂಬಂಧ ಪಟ್ಟೋರು ನಿಂತ್ಕೋತಾರೆ, ಮಿಕ್ಕೋರು ಹೋಗ್ತಾರೆ. ಇದು ಎಲ್ಲರಿಗೂ ಗೊತ್ತಿರೋದೇ.

ಭಾಷೆ ವಿಷಯ ಮಾತ್ರ ಸ್ವಲ್ಪ ಹೇಳ್ಬೇಕು. ಒಂಬತ್ತು ಜನದಲ್ಲಿ ನಾಲ್ಕು ಜನ ಕನ್ನಡದೋರು, ಇಬ್ಬರು ತೆಲುಗು, ಒಬ್ಬ ತಮಿಳು, ಇಬ್ಬರು ಹಿಂದಿ. ಕ್ಲೈಂಟ್ ಇಲ್ಲದ ಮೇಲೆ ಇಂಗ್ಲಿಷೇ ಆಗ್ಬೇಕು ಅಂತೇನಿಲ್ವಲ್ಲ, ಬಾಯಿಗೆ ಬಂದ ಭಾಷೇಲಿ ಹೇಳಿ, ಅರ್ಥ ಆಗ್ದಿರೋರಿಗೆ ಪಕ್ಕದೋರು ಒಂದು ಸಾಲಲ್ಲಿ ಹೇಳ್ಲಿ ಅಂದೆ. ಮೊದಲನೇ ವಾರ ಎಲ್ಲರಿಗೂ ಮುಜುಗರ. ಆಮೇಲೆ ನೋಡಿದ್ರೆ, ಇಂಗ್ಲಿಷಲ್ಲಿ ‘ಇಟ್ಸ್ ಇನ್ ಪ್ರೋಗ್ರೆಸ್’ ಅಂತ ಮುಗ್ಸ್ತಿದ್ದ ಹುಡುಗಾನೇ ಕನ್ನಡದಲ್ಲಿ, "ಟೋಕನ್ ಎಕ್ಸ್‌ಪೈರ್ ಆದ್ಮೇಲೆ ರಿಟ್ರೈ ಹೊಡೀತಾನೇ ಇದೆ, ಎಲ್ಲಿ ನಿಲ್ಸ್ಬೇಕು ಗೊತ್ತಾಗ್ತಿಲ್ಲ, ನಿನ್ನೆ ಎರಡು ಗಂಟೆ ಒದ್ದಾಡ್ದೆ" ಅಂದ. ನಾನು ಪಕ್ಕದ ತಮಿಳು ಹುಡುಗನಿಗೆ ಒಂದು ಸಾಲಲ್ಲಿ ಹೇಳ್ದೆ, ಅವನು ನಗ್ತಾ, ನಾನೂ ಹೋದ ತಿಂಗಳು ಇದಕ್ಕೇ ಬಿದ್ದಿದ್ದೆ, ಬಾ ತೋರಿಸ್ತೀನಿ ಅಂದ.

ಅದೇ ನೋಟ್‌ಬುಕ್ಕಲ್ಲಿ ಈಗ್ಲೂ ಬರೀತೀನಿ. ಹತ್ತು ದಿನದಲ್ಲಿ ಏಳು ದಿನನಾದ್ರೂ ಯಾರೋ ಒಬ್ಬರ ಪ್ಲಾನ್ ಬದಲಾಗತ್ತೆ, ಒಂದು ಸ್ಪ್ರಿಂಟಲ್ಲಿ ಮಾತ್ರ ಮೂರಕ್ಕೆ ಇಳೀತು, ರಿಲೀಸ್ ಟೆನ್ಷನ್ನಲ್ಲಿ ಎಲ್ಲರೂ ಮತ್ತೆ ಹಳೇ ಥರ ಒಪ್ಪಿಸೋಕೆ ಶುರು ಮಾಡಿದ್ರು. ಹಾಸನದ ಹುಡುಗಿ ಈಗ ವಾರಕ್ಕೆ ಎರಡು ದಿನ ತಾನೇ ಬೋರ್ಡ್ ಮುಂದೆ ನಿಂತು ನಡೆಸ್ತಾಳೆ. ಕೆಂಪು ಚುಕ್ಕೆ ಬಿದ್ದ ಕಾರ್ಡ್ ಬಂದ್ರೆ ನನ್ನದಾದ್ರೂ ಬಿಡಲ್ಲ, "ಇದಕ್ಕೆ ಏನು ಬೇಕು, ಯಾರಿಂದ ಬೇಕು" ಅಂತ ಉತ್ತರ ಬರೋ ತನಕ ಮಾರ್ಕರ್ ಹಿಡ್ಕೊಂಡು ನಿಂತಿರ್ತಾಳೆ.

ನವೆಂಬರ್ ಬರ್ತಿದೆ, ಸೋಮವಾರ, ಬುಧವಾರದ ಕ್ಲೈಂಟ್ ಕಾಲ್ 7:30ಕ್ಕೆ ಹೋಗತ್ತೆ. ಟೀಮಲ್ಲಿ ಪುಟ್ಟ ಮಕ್ಕಳಿರೋರು ಇಬ್ಬರಿದ್ದಾರೆ, ಆ ಹೊತ್ತಲ್ಲಿ ಅವರು ಮನೇಲಿರ್ಬೇಕು. ಕ್ಲೈಂಟ್ ಅರ್ಧ ಗಂಟೆ ಬೇಗ ಬರ್ತಾರಾ, ಇಲ್ಲಾ ಸರದಿ ಪ್ರಕಾರ ನಾವು ಮೂರು ಮೂರು ಜನ ಕೂರೋದಾ, ನಾಳೆ 10:15ಕ್ಕೆ ಅದನ್ನೇ ‘ಆಮೇಲೆ’ ಪಟ್ಟಿಗೆ ಹಾಕ್ಬೇಕು.