ಜಾನ್ ಡೀಕನ್ ಹುಟ್ಟಿದ ದಿನ

19 ಆಗಸ್ಟ್ 2024, ಸೋಮವಾರ

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಬೇಸ್ ಗಿಟಾರ್ ವಾದಕ ಜಾನ್ ಡೀಕನ್ ಅವರಿಗೆ ಇಂದು 73 ತುಂಬಿತು. ಸಂಜೆಯಿಂದ ಅವರು ಬರೆದ ಹಾಡುಗಳನ್ನೇ ಕೇಳುತ್ತಿದ್ದೇನೆ.

ಕ್ವೀನ್‌ನ ಜನಪ್ರಿಯ ಹಾಡು ಯಾವುದೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ‘ಬೊಹೀಮಿಯನ್ ರಾಪ್ಸೊಡಿ’. ಬರಲೇಬೇಕು. ಸುಮಾರು ಆರು ನಿಮಿಷದ, ಪಲ್ಲವಿಯೇ ಇಲ್ಲದ ಹಾಡದು. 1975ರಲ್ಲಿ ಬಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ ಒಂಬತ್ತು ವಾರ ನಿಂತಿತು. 1991ರಲ್ಲಿ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ ಮೇಲೆ ಮತ್ತೆ ಅಲ್ಲಿಗೇ ಏರಿತು. ಅದನ್ನು ಹೊಗಳುವವರಿಗೆ ಬರವಿಲ್ಲ. ಡೀಕನ್ ಹೆಸರು ಮಾತ್ರ ಎಷ್ಟೋ ಅಭಿಮಾನಿಗಳಿಗೇ ನೆನಪಾಗುವುದಿಲ್ಲ. ಇದು ನನ್ನ ಬಹುಕಾಲದ ಕೊರಗು.

ತಂಡಕ್ಕೆ ಕೊನೆಯಲ್ಲಿ, 1971ರಲ್ಲಿ, ಸೇರಿದವರು ಅವರು. ಲಂಡನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಹುಡುಗ. ಕಸದಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡಿನಿಂದ ಅವರು ಕಟ್ಟಿದ ಪುಟ್ಟ ಆಂಪ್ಲಿಫೈಯರ್ ಬ್ರಯಾನ್ ಮೇ ಅವರ ಗಿಟಾರಿಗೆ ವರ್ಷಗಟ್ಟಲೆ ದನಿಯಾಯಿತು. ‘ಯೂ ಆರ್ ಮೈ ಬೆಸ್ಟ್ ಫ್ರೆಂಡ್’ ಅವರು ಹೆಂಡತಿಗಾಗಿ ಬರೆದದ್ದು. ಅದರಲ್ಲಿರುವ ಎಲೆಕ್ಟ್ರಿಕ್ ಪಿಯಾನೊ ಮರ್ಕ್ಯುರಿಗೆ ಹಿಡಿಸಲಿಲ್ಲ. ಡೀಕನ್ ತಾವೇ ಕುಳಿತು ನುಡಿಸಿದರು.

ಇನ್ನು ‘ಅನದರ್ ಒನ್ ಬೈಟ್ಸ್ ದ ಡಸ್ಟ್’. ಇದನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಹಾಡಿನ ಪ್ರಾಣವೇ ಕೇಳಿಸುವುದಿಲ್ಲ. ಬೇಸ್‌ನ ಮೊದಲ ಮೂರು ಹೊಡೆತ, ಆಮೇಲೆ ಒಂದು ಬಿಡುವು. ಆ ಬಿಡುವಿನಲ್ಲೇ ಕಾಲು ತಾನಾಗಿ ತಾಳ ಹಾಕತೊಡಗುತ್ತದೆ. ರೋಜರ್ ಟೇಲರ್ ಅವರ ಡ್ರಮ್ಮಿನಲ್ಲಿ ಅನುರಣನವೇ ಇಲ್ಲ, ಮುಚ್ಚಿದ ಬಾಗಿಲಿನ ಮೇಲೆ ಗುದ್ದಿದಂತೆ ಒಣಗಿದ ಸದ್ದು. ರಾಕ್ ತಂಡವೊಂದು ಡಿಸ್ಕೊ, ಫಂಕ್‌ನಂಥ ಕುಣಿತದ ಸಂಗೀತದ ಕಡೆಗೆ ಹೊರಳುವುದು ಅಂದು ಅಪಾಯದ ಹೆಜ್ಜೆ. ಡೀಕನ್ ಬಾಲ್ಯದಿಂದಲೂ ಕಪ್ಪು ಅಮೆರಿಕನ್ನರ ಸೋಲ್ ಸಂಗೀತ ಕೇಳಿ ಬೆಳೆದವರು, ಹಿಂಜರಿಯಲಿಲ್ಲ. ಮೈಕಲ್ ಜಾಕ್ಸನ್ ಇದನ್ನು ಬಿಡಿ ಹಾಡಾಗಿ ತರಲು ಒತ್ತಾಯಿಸಿದರಂತೆ. 1980ರ ಅಕ್ಟೋಬರಿನಲ್ಲಿ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿ ‘ಬೊಹೀಮಿಯನ್ ರಾಪ್ಸೊಡಿ’ಗೂ ಆ ಸ್ಥಾನ ಸಿಕ್ಕಿರಲಿಲ್ಲ!

1984ರ ‘ಐ ವಾಂಟ್ ಟು ಬ್ರೇಕ್ ಫ್ರೀ’ ಕೂಡ ಅವರದೇ. ನಾಲ್ವರೂ ಹೆಂಗಸರ ವೇಷ ತೊಟ್ಟ ವಿಡಿಯೊ ಬ್ರಿಟನ್ನಿನವರನ್ನು ನಗಿಸಿತು, ಅಮೆರಿಕದವರಿಗೆ ಇರುಸುಮುರುಸಾಯಿತು. ಬಿಡುಗಡೆ ಬೇಕೆಂದು ಹಾಡಿದ ಅದೇ ವರ್ಷ ಈ ತಂಡ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಸನ್ ಸಿಟಿಯಲ್ಲಿ ಕಾರ್ಯಕ್ರಮ ಕೊಟ್ಟಿತು. ಅದನ್ನು ನಾನು ಇಂದಿಗೂ ಒಪ್ಪಲಾರೆ.

ನಾಲ್ವರೂ ಒಂದೊಂದು ದೊಡ್ಡ ಹಾಡನ್ನಾದರೂ ಬರೆದರು ಎನ್ನುವುದೇ ಕ್ವೀನ್‌ನ ನಿಜವಾದ ಬಲ. ‘ವಿ ವಿಲ್ ರಾಕ್ ಯೂ’ ಮೇ ಅವರದು, ‘ರೇಡಿಯೊ ಗಾ ಗಾ’ ಟೇಲರ್ ಅವರದು. ಇವರಿಬ್ಬರೂ ಬೇರೆ ಗಾಯಕರ ಜೊತೆ ಕ್ವೀನ್ ಹೆಸರಿನಲ್ಲಿ ಈಗಲೂ ಕಾರ್ಯಕ್ರಮ ಕೊಡುತ್ತಾರೆ, ಜನ ತುಂಬುತ್ತಾರೆ. ಡೀಕನ್ ಮಾತ್ರ 1997ರ ನಂತರ ವೇದಿಕೆಯಿಂದ ದೂರ ಸರಿದರು. ಸಂದರ್ಶನವಿಲ್ಲ, ಸಮಾರಂಭವಿಲ್ಲ. 2001ರಲ್ಲಿ ತಂಡಕ್ಕೆ ಅಮೆರಿಕದಲ್ಲಿ ದೊಡ್ಡ ಗೌರವ ಸಂದಾಗಲೂ ಹೋಗಲಿಲ್ಲ. ಮರ್ಕ್ಯುರಿ ಇಲ್ಲದ ಮೇಲೆ ನುಡಿಸುವುದು ಅವರಿಂದ ಆಗಲಿಲ್ಲ ಎಂದೇ ನಾನು ತಿಳಿದಿದ್ದೇನೆ, ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಇನ್ನೂ ಹೆಚ್ಚು.